ನೀರು ಕಾಯುವ ನೆಲ: ಆಯ್ಕೆಯ ಲೆಕ್ಕ

ಇವತ್ತು ನಿಮ್ಮ ಮುಂದೆ ಒಂದು ಲೆಕ್ಕವನ್ನು ಇಡಬೇಕೆಂದಿದ್ದೇನೆ. ಲೆಕ್ಕ ಎಂದೊಡನೆ ಗಾಬರಿಯಾಗಬೇಡಿ. ಕೂಡುವುದು, ಭಾಗಿಸುವುದು ಇಷ್ಟು ಗೊತ್ತಿದ್ದರೆ ಸಾಕು. ಈ ಲೆಕ್ಕ ಪಠ್ಯಪುಸ್ತಕದಲ್ಲಿ ಹುಟ್ಟಿದ್ದಲ್ಲ. ನಮ್ಮ ಮನೆಯ ಬಾವಿಯಲ್ಲಿ ಹುಟ್ಟಿದ್ದು. ನಾನು ವಿಜ್ಞಾನದ ಪದವಿ ಪಡೆದು, ಆಮೇಲೆ ದೂರದರ್ಶನದ ಕೆಲಸಕ್ಕೆ ಬಂದವನು. ನೀರು, ಮಣ್ಣು, ಕಾಡು ಎಂದು ಎಷ್ಟೋ ಕಾರ್ಯಕ್ರಮಗಳನ್ನು ನಿರ್ಮಿಸಿದ್ದೇನೆ. ಆದರೆ ಸ್ವಂತ ಬಾವಿಯ ನೀರು ಕೆಂಪಾಗುವವರೆಗೆ ಈ ಲೆಕ್ಕವನ್ನು ನಾನೂ ಮಾಡಿರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಮನೆ ಮಂಗಳೂರಿನ ಶಕ್ತಿನಗರದಲ್ಲಿದೆ. ವಿಶ್ವ ಕೊಂಕಣಿ ಕೇಂದ್ರ ಇರುವ ಊರು ಎಂದರೆ ನಿಮ್ಮಲ್ಲಿ ಕೆಲವರಿಗೆ ಗುರುತು ಸಿಕ್ಕೀತು. ಮಂಗಳೂರು ಎಂದರೆ ಸಮುದ್ರ ಎಂದು ಹೊರಗಿನವರು ತಿಳಿಯುತ್ತಾರೆ. ಆದರೆ ನಮ್ಮದು ಗುಡ್ಡಗಳ ಊರು. ದಕ್ಷಿಣಕ್ಕೆ ನೇತ್ರಾವತಿ, ಉತ್ತರಕ್ಕೆ ಗುರುಪುರ ಹೊಳೆ ಎಂದು ಕರೆಯುವ ಫಲ್ಗುಣಿ; ನಡುವೆ ಮುರಕಲ್ಲಿನ ಗುಡ್ಡಗಳು. ಗುಡ್ಡದ ನೆತ್ತಿಯ ಚಪ್ಪಟೆ ಬಯಲಿಗೆ ನಮ್ಮಲ್ಲಿ ಪದವು ಎನ್ನುತ್ತಾರೆ. ಗುಡ್ಡದ ಬುಡದ ತಗ್ಗಿಗೆ ಬೈಲು ಎನ್ನುತ್ತಾರೆ. ಪದವಿನ ಮೇಲೆ ಬಿದ್ದ ಮಳೆ ಮುರಕಲ್ಲಿನ ರಂಧ್ರಗಳಲ್ಲಿ ಇಳಿದು, ಬೈಲಿನ ಬಾವಿಗಳಲ್ಲಿ ಒಸರಾಗಿ ಕಾಣಿಸಿಕೊಳ್ಳುತ್ತದೆ. ಮೇಲಿನ ಗುಡ್ಡವೇ ನಮ್ಮ ನೀರಿನ ತೊಟ್ಟಿ. ಅದಕ್ಕೆ ಯಾರೂ ಸಿಮೆಂಟು ಹಾಕಿಲ್ಲ, ಯಾರೂ ಬಿಲ್ಲು ಕಳುಹಿಸುವುದಿಲ್ಲ. ಹಾಗಾಗಿ ಅದು ತೊಟ್ಟಿ ಎಂಬುದು ಯಾರಿಗೂ ನೆನಪಿರುವುದಿಲ್ಲ.

ನಮ್ಮ ಮನೆ ಇಳಿಜಾರಿನ ಬುಡದಲ್ಲಿದೆ. ನಮ್ಮದೂ ಸೇರಿ ನಾಲ್ಕು ಮನೆಗಳಿಗೆ ಒಂದೇ ಬಾವಿ. ನಳ್ಳಿಯಲ್ಲಿ ನಗರಪಾಲಿಕೆಯ ನೀರು ಬರುತ್ತದೆ. ಆದರೆ ಕುಡಿಯುವುದಕ್ಕೆ, ಗಂಜಿ ಬೇಯಿಸುವುದಕ್ಕೆ ನನ್ನ ತಾಯಿಗೆ ಬಾವಿಯ ನೀರೇ ಆಗಬೇಕು. 2022ರ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಅವರು ಕೊಡವನ್ನು ಜಗಲಿಯಲ್ಲಿಟ್ಟು, "ಇದು ನೀರಾ, ಕಾವಿಯಾ? ನೋಡು ಮಗಾ" ಎಂದರು. ನೋಡಿದೆ. ನೆಲಕ್ಕೆ ಬಳಿಯುವ ಕಾವಿಯ ಬಣ್ಣವೇ. ಮೇಲಿನ ಗುಡ್ಡದಲ್ಲಿ ಬೇಸಿಗೆಯಲ್ಲಿ ಅಲ್ಲಲ್ಲಿ ಜಾಗ ಸಮತಟ್ಟು ಮಾಡಿದ್ದರು. ಕೆಂಪು ಮಣ್ಣು ಮಳೆಯ ಜೊತೆ ಹೊರಟು ಕೆಳಗೆ ಬಂದಿತ್ತು.

ನಾಲ್ಕು ಮನೆಯವರೂ ನಮ್ಮ ಜಗಲಿಯಲ್ಲಿ ಸೇರಿದೆವು. ಒಬ್ಬರು ಬಾವಿಯನ್ನು ಇನ್ನಷ್ಟು ಆಳ ಮಾಡೋಣ ಎಂದರು. ಒಬ್ಬರು ದೊಡ್ಡ ಫಿಲ್ಟರ್ ತರಿಸೋಣ ಎಂದರು. ಇನ್ನೊಬ್ಬರು, "ಗುಡ್ಡ ಪೂರ್ತಿ ಹಾಗೇ ಇರಬೇಕು, ಯಾರೂ ಮುಟ್ಟಬಾರದು" ಎಂದರು. ಗುಡ್ಡದಲ್ಲಿ ಸೆಂಟ್ಸಿಗೆ ಏನು ಬೆಲೆ ಇದೆ ಎಂಬುದು ಅವರಿಗೂ ಗೊತ್ತಿತ್ತು. ನಾಲ್ಕು ಮನೆಯವರ ಚಿನ್ನ ಅಡವಿಟ್ಟರೂ ಗುಡ್ಡದ ಒಂದು ಮೂಲೆ ಸಿಗಲಾರದು. ಆಗ ನಮ್ಮ ಮುಂದೆ ನಿಂತ ಪ್ರಶ್ನೆ ಇದು: ಎಲ್ಲವನ್ನೂ ಉಳಿಸಲಾಗದು ಎಂದಾದರೆ, ಯಾವುದನ್ನು ಉಳಿಸಬೇಕು?

ಮಿತ್ರರೇ, ನಾಲ್ಕು ಮನೆಗಳ ಈ ಪ್ರಶ್ನೆಯೇ ಒಂದು ನಗರದ ಪ್ರಶ್ನೆಯೂ ಹೌದು, ಒಂದು ರಾಜ್ಯದ ಪ್ರಶ್ನೆಯೂ ಹೌದು. ನೀರಿನ ಮೂಲವನ್ನು ಕಾಯಲು ಜಗತ್ತಿನ ಯಾವ ಸರ್ಕಾರದ ಬಳಿಯೂ ಸಾಕಷ್ಟು ಹಣ ಇಲ್ಲ. ಇರುವ ಹಣದಲ್ಲಿ ಅತಿ ಹೆಚ್ಚು ನೀರು ತಿಳಿಯಾಗುವಂತೆ ನೆಲವನ್ನು ಆರಿಸುವುದು ಹೇಗೆ ಎಂಬುದು ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ. ಅದರ ಮೂಲತತ್ತ್ವವನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯೋಣ. ಕಾಗದ, ಪೆನ್ಸಿಲ್ ತೆಗೆದುಕೊಳ್ಳಿ.

ಒಂದು ಗುಡ್ಡ, ಅದರ ಬುಡದಲ್ಲಿ ಒಂದು ಕೆರೆ. ಗುಡ್ಡದ ಮೇಲೆ ಆರು ತುಂಡು ಜಾಗ. ಪ್ರತಿಯೊಂದನ್ನೂ ಹುಲ್ಲು, ಗಿಡಮರ ಬೆಳೆಯಲು ಬಿಡಬೇಕಾದರೆ ಅದರ ಒಡೆಯನಿಗೆ ಇಷ್ಟು ಹಣ ಕೊಡಬೇಕು; ಕೊಟ್ಟರೆ ವರ್ಷಕ್ಕೆ ಇಷ್ಟು ಟನ್ ಮಣ್ಣು ಕೆರೆಗೆ ಬರುವುದು ತಪ್ಪುತ್ತದೆ. ಅಂಕಿಗಳು ಲೆಕ್ಕಕ್ಕಾಗಿ ನಾನು ಇಟ್ಟುಕೊಂಡವು.

ಅ: 9 ಲಕ್ಷ ರೂಪಾಯಿ, 45 ಟನ್
ಆ: 4 ಲಕ್ಷ ರೂಪಾಯಿ, 36 ಟನ್
ಇ: 3 ಲಕ್ಷ ರೂಪಾಯಿ, 24 ಟನ್
ಈ: 3 ಲಕ್ಷ ರೂಪಾಯಿ, 18 ಟನ್
ಉ: 2 ಲಕ್ಷ ರೂಪಾಯಿ, 5 ಟನ್
ಊ: 1 ಲಕ್ಷ ರೂಪಾಯಿ, 2 ಟನ್

ನಮ್ಮ ಕೈಯಲ್ಲಿರುವುದು 10 ಲಕ್ಷ ರೂಪಾಯಿ. ಏನು ಮಾಡುತ್ತೀರಿ?

ಒಬ್ಬ ಹೇಳುತ್ತಾನೆ: "ಅಗ್ಗದ ಜಾಗದಿಂದ ಶುರು ಮಾಡೋಣ, ಹೆಚ್ಚು ಜಾಗ ಸಿಗುತ್ತದೆ." ಆತ ಊ, ಉ, ಈ, ಇ ಎಂದು ನಾಲ್ಕು ತುಂಡುಗಳನ್ನು 9 ಲಕ್ಷಕ್ಕೆ ಪಡೆಯುತ್ತಾನೆ. ಉಳಿದ ಒಂದು ಲಕ್ಷಕ್ಕೆ ಏನೂ ಬಾರದು. ತಡೆದ ಮಣ್ಣು 2, 5, 18, 24. ಒಟ್ಟು 49 ಟನ್. ಆರರಲ್ಲಿ ನಾಲ್ಕು ತುಂಡು ಉಳಿಸಿದೆವು ಎಂದು ಫಲಕ ಹಾಕಿಕೊಳ್ಳಬಹುದು.

ಇನ್ನೊಬ್ಬ ಹೇಳುತ್ತಾನೆ: "ಎಲ್ಲಿಂದ ಅತಿ ಹೆಚ್ಚು ಮಣ್ಣು ಬರುತ್ತದೋ ಅದನ್ನೇ ಮೊದಲು ಹಿಡಿಯೋಣ." ಆತ ಅ ಎಂಬ ದುಬಾರಿ ಜಾಗಕ್ಕೆ 9 ಲಕ್ಷ ಕೊಡುತ್ತಾನೆ, ಮಿಕ್ಕ ಒಂದು ಲಕ್ಷಕ್ಕೆ ಊ. ಒಟ್ಟು 47 ಟನ್.

ಮೂರನೆಯವಳು ಕಾಗದದ ಮೇಲೆ ಭಾಗಾಕಾರ ಮಾಡುತ್ತಾಳೆ. ಒಂದು ಲಕ್ಷ ರೂಪಾಯಿಗೆ ಎಷ್ಟು ಟನ್? ಅ ತುಂಡಿನಲ್ಲಿ 5, ಆ ತುಂಡಿನಲ್ಲಿ 9, ಇ ತುಂಡಿನಲ್ಲಿ 8, ಈ ತುಂಡಿನಲ್ಲಿ 6, ಉ ತುಂಡಿನಲ್ಲಿ ಎರಡೂವರೆ, ಊ ತುಂಡಿನಲ್ಲಿ 2. ಆಕೆ ಆ, ಇ, ಈ ಮೂರನ್ನು ಆರಿಸುತ್ತಾಳೆ. ಖರ್ಚು ಸರಿಯಾಗಿ 10 ಲಕ್ಷ. ತಡೆದ ಮಣ್ಣು 36, 24, 18; ಒಟ್ಟು 78 ಟನ್. ಹಣ ಅದೇ, ಗುಡ್ಡ ಅದೇ, ಕೆರೆ ಅದೇ. ಆರಿಸುವ ಕ್ರಮ ಬದಲಾದದ್ದರಿಂದ ಫಲ ಒಂದೂವರೆ ಪಟ್ಟಿಗೂ ಹೆಚ್ಚಾಯಿತು.

ಇಷ್ಟು ಸುಲಭದ ಮಾತನ್ನು ದೊಡ್ಡ ದೇಶಗಳೂ ಎಡವಿ ಎಡವಿಯೇ ಕಲಿತವು. ಅಮೆರಿಕದಲ್ಲಿ 1985ರ ಕಾಯಿದೆಯೊಂದರಿಂದ ರೈತರ ಸವೆಯುವ ಹೊಲಗಳನ್ನು ಸಂರಕ್ಷಣೆಗಾಗಿ ಗುತ್ತಿಗೆಗೆ ಪಡೆಯುವ ಯೋಜನೆ ಆರಂಭವಾಯಿತು. ಹತ್ತರಿಂದ ಹದಿನೈದು ವರ್ಷ ಉಳುಮೆ ಬಿಟ್ಟು ಹುಲ್ಲು, ಮರ ಬೆಳೆಸುವ ರೈತನಿಗೆ ವರ್ಷವರ್ಷ ಬಾಡಿಗೆ. ಮೊದಲ ವರ್ಷಗಳಲ್ಲಿ ಅವರ ಗಮನವೆಲ್ಲ ಎಷ್ಟು ಎಕರೆ ಸೇರಿತು ಎಂಬುದರ ಮೇಲೆಯೇ ಇತ್ತು. ನಮ್ಮ ಮೊದಲನೆಯ ಗೆಳೆಯನ ದಾರಿ ಅದು. 1990ರ ಕಾಯಿದೆಯ ಬಳಿಕ ಪ್ರತಿ ಹೊಲಕ್ಕೂ ನೀರು, ಮಣ್ಣು ಮುಂತಾದ ಲಾಭಗಳನ್ನೂ ಖರ್ಚನ್ನೂ ಗಣಿಸಿ ಅಂಕ ಕೊಡುವ ಪದ್ಧತಿ ಬಂತು.

ನ್ಯೂಯಾರ್ಕ್ ನಗರದ ಕಥೆ ಇನ್ನೂ ಪ್ರಸಿದ್ಧ. ಆ ನಗರಕ್ಕೆ ಬಹುಪಾಲು ನೀರು ದೂರದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ ಬರುತ್ತದೆ. ನೀರನ್ನು ಸೋಸುವ ಭಾರಿ ಸ್ಥಾವರ ಕಟ್ಟಬೇಕು, ಇಲ್ಲವೇ ನೀರು ಮೂಲದಲ್ಲೇ ಶುದ್ಧವಾಗಿರುತ್ತದೆ ಎಂದು ತೋರಿಸಬೇಕು ಎಂಬ ಇಕ್ಕಟ್ಟು ಬಂದಾಗ ನಗರದವರು ಲೆಕ್ಕ ಹಾಕಿದರು. ಸ್ಥಾವರಕ್ಕೆ 600ರಿಂದ 800 ಕೋಟಿ ಡಾಲರ್ ಬೇಕಾಗಬಹುದೆಂಬ ಅಂದಾಜು. ಬೆಟ್ಟದ ನೆಲವನ್ನು ಕಾಯಲು ಅದರ ಒಂದು ಸಣ್ಣ ಪಾಲು ಸಾಕು. 1997ರಲ್ಲಿ ನಗರವೂ ಬೆಟ್ಟದ ಹಳ್ಳಿಗಳೂ ಒಪ್ಪಂದ ಮಾಡಿಕೊಂಡವು. ಒತ್ತಾಯದಿಂದ ಯಾರ ಜಾಗವನ್ನೂ ಕಸಿಯುವಂತಿಲ್ಲ. ಮಾರಲು ಮನಸ್ಸಿದ್ದವರಿಂದ ಮಾತ್ರ ಕೊಳ್ಳಬೇಕು. ಎಲ್ಲ ಜಾಗವೂ ಸಮಾನವಲ್ಲ. ಜಲಾಶಯಕ್ಕೂ ನೀರೆತ್ತುವ ಸ್ಥಳಕ್ಕೂ ಹತ್ತಿರದ್ದಕ್ಕೆ ಮೊದಲ ಆದ್ಯತೆ, ದೂರದ್ದಕ್ಕೆ ಆಮೇಲೆ. ಹಸು ಸಾಕುವ ರೈತರಿಗೆ ಸಗಣಿ, ಗೊಬ್ಬರ ಹೊಳೆ ಸೇರದಂತೆ ವ್ಯವಸ್ಥೆ ಮಾಡಿಕೊಳ್ಳಲು ನಗರದ ಹಣದ ನೆರವು.

ಅಷ್ಟು ದೂರ ಹೋಗುವುದೇಕೆ, ನಮ್ಮ ಕುದುರೆಮುಖವನ್ನೇ ನೋಡಿ. ತುಂಗಾ, ಭದ್ರಾ, ನೇತ್ರಾವತಿ ನದಿಗಳಿಗೆ ತವರು ಈ ಬೆಟ್ಟಸಾಲು. ಅಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿ ನಡೆಯಿತು. ಭದ್ರೆಯ ಹೂಳನ್ನು ಅಳೆದ ವಿಜ್ಞಾನಿಗಳು ಕಂಡದ್ದು ಏನು? ಹೊಳೆಯ ಜಲಾನಯನದಲ್ಲಿ ಗಣಿಯ ಪಾಲು ತೀರಾ ಚಿಕ್ಕದು. ಹೂಳಿನಲ್ಲಿ ಅದರ ಪಾಲು ಬಹು ದೊಡ್ಡದು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು. ಇದರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ: ಹೊಳೆಯನ್ನು ಕೆಡಿಸುವುದು ಸಾಮಾನ್ಯವಾಗಿ ಇಡೀ ಬೆಟ್ಟವಲ್ಲ, ಬೆಟ್ಟದ ಕೆಲವೇ ಗಾಯಗಳು. ಗಾಯ ಎಲ್ಲಿದೆ ಎಂದು ಹುಡುಕುವುದೇ ಅರ್ಧ ಚಿಕಿತ್ಸೆ.

ಗಾಯವನ್ನು ಹುಡುಕುವುದು ಹೇಗೆ? ಮಣ್ಣಿನ ಸವೆತವನ್ನು ಅಂದಾಜು ಮಾಡಲು ವಿಜ್ಞಾನಿಗಳು ಬಳಸುವ ಸೂತ್ರವೊಂದಿದೆ. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ನೆಲದ ಮೇಲಿನ ಹೊದಿಕೆ, ಬೇಸಾಯದ ಕ್ರಮ. ಇವುಗಳನ್ನು ಒಂದರಿಂದ ಒಂದು ಗುಣಿಸುತ್ತಾರೆ. ಕೂಡುವುದಲ್ಲ, ಗುಣಿಸುವುದು. ಇದನ್ನು ಚೆನ್ನಾಗಿ ಗಮನಿಸಿ. ಕಡಿದಾದ ಇಳಿಜಾರಿದ್ದರೂ ದಟ್ಟ ಕಾಡಿನ ಹೊದಿಕೆ ಇದ್ದರೆ ಗುಣಲಬ್ಧ ಬಹಳ ಚಿಕ್ಕದಾಗುತ್ತದೆ. ಹೊದಿಕೆ ತೆಗೆದ ಕೂಡಲೇ ಅದೇ ಇಳಿಜಾರು ಹತ್ತಾರು ಪಟ್ಟು ಮಣ್ಣು ಬಿಡುತ್ತದೆ. ನಮ್ಮ ಕರಾವಳಿಯಲ್ಲಿ ಇನ್ನೊಂದು ಅಪಾಯವಿದೆ. ಮೇಲೆ ಗಟ್ಟಿ ಮುರಕಲ್ಲು. ಅದರ ಅಡಿಯಲ್ಲಿ ಮೆತ್ತನೆಯ ಶೇಡಿ ಮಣ್ಣು. ಮುರಕಲ್ಲಿನ ಟೊಪ್ಪಿ ತೆಗೆದರೆ ಶೇಡಿ ಮಣ್ಣು ನೀರು ಕುಡಿದು ಜಾರುತ್ತದೆ. 2019ರ ಆಗಸ್ಟಿನಲ್ಲಿ ನಮ್ಮ ಊರಿಗೆ ಹತ್ತಿರದ ಕುಲಶೇಖರದಲ್ಲಿ ಗುಡ್ಡ ಜರಿದು ರೈಲು ಸಂಚಾರ ನಿಂತದ್ದು ಹಲವರಿಗೆ ನೆನಪಿರಬಹುದು.

ಅದೇ ಆಗಸ್ಟಿನಲ್ಲಿ ಇನ್ನೊಂದು ಘಟನೆ ನಡೆಯಿತು. ಪಚ್ಚನಾಡಿಯಲ್ಲಿ ನಗರದ ಕಸವನ್ನು ವರ್ಷಗಳಿಂದ ಸುರಿದ ರಾಶಿ ಮಳೆಗೆ ಜಾರಿ, ಕೆಳಗಿನ ಮಂದಾರ ಎಂಬಲ್ಲಿಯ ಮನೆ, ಅಡಿಕೆ ತೆಂಗಿನ ತೋಟಗಳ ಮೇಲೆ ಹರಿಯಿತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯಿತು. ಕಸದಿಂದ ಇಳಿದ ಕಪ್ಪು ನೀರು ಬಾವಿ, ತೋಡುಗಳನ್ನು ಸೇರಿತು. ನೆಲವನ್ನು ಆರಿಸುವುದೆಂದರೆ ಉಳಿಸುವ ನೆಲವನ್ನು ಆರಿಸುವುದು ಮಾತ್ರವಲ್ಲ. ಕೆಡುವಂಥದ್ದನ್ನು ಎಲ್ಲಿ ಇಡಬಾರದು ಎಂದು ಆರಿಸುವುದೂ ಹೌದು. ನೀರಿನ ದಾರಿಯ ತಲೆಯ ಮೇಲೆ ಇಟ್ಟ ತಪ್ಪು, ಕೆಳಗಿನ ಎಲ್ಲರ ಮನೆಗೂ ತಲುಪುತ್ತದೆ.

ಈಗ ನಮ್ಮ ಗುಡ್ಡಕ್ಕೆ ಹಿಂತಿರುಗೋಣ. ಜಗಲಿಯ ಸಭೆಯ ಮಾರನೆಯ ದಿನ ಭಾನುವಾರ. ಒಳ್ಳೆಯ ಮಳೆ. ಕೊಡೆ ಹಿಡಿದು, ಕೈಯಲ್ಲಿ ಒಂದೇ ಅಳತೆಯ ಆರು ಗಾಜಿನ ಸೀಸೆಗಳನ್ನು ಹಿಡಿದು ನೆರೆಮನೆಯ ಇಬ್ಬರು ಮಕ್ಕಳ ಜೊತೆ ಗುಡ್ಡ ಹತ್ತಿದೆ. ನೀರು ಹರಿಯುವ ಆರು ಕಡೆ ಸೀಸೆ ತುಂಬಿ, ಚೀಟಿ ಅಂಟಿಸಿ ತಂದೆವು. ಒಂದು ರಾತ್ರಿ ಅಲುಗಿಸದೆ ಇಟ್ಟೆವು. ಬೆಳಿಗ್ಗೆ ತಳದಲ್ಲಿ ಕೂತ ಮಣ್ಣನ್ನು ಅಳತೆಪಟ್ಟಿಯಿಂದ ಅಳೆದೆವು. ಮಕ್ಕಳಲ್ಲಿ ಒಬ್ಬಳು ಹೈಸ್ಕೂಲಿನ ಹುಡುಗಿ. ಆಕೆ ಕೇಳಿದಳು: "ಮಾಮಾ, ಈ ಸೀಸೆಯಲ್ಲಿ ಮಣ್ಣು ಜಾಸ್ತಿ ಇದೆ, ಸರಿ. ಆದರೆ ಅಲ್ಲಿ ನೀರು ಬೆರಳು ಗಾತ್ರ ಬರ್ತಿತ್ತು. ಆ ಇನ್ನೊಂದು ಕಡೆ ಕಾಲುವೆ ತುಂಬಾ ಹರೀತಿತ್ತಲ್ಲ?" ವಿಜ್ಞಾನ ಓದಿದ ನನಗೆ ಹೊಳೆಯದ್ದು ಆಕೆಗೆ ಹೊಳೆಯಿತು. ಒಂದು ಲೀಟರಿನಲ್ಲಿ ಎಷ್ಟು ಮಣ್ಣಿದೆ ಎಂಬುದನ್ನು, ಎಷ್ಟು ಲೀಟರು ಹರಿಯುತ್ತಿದೆ ಎಂಬುದರಿಂದ ಗುಣಿಸಿದಾಗ ಮಾತ್ರ ಮಣ್ಣಿನ ಹೊರೆ ತಿಳಿಯುತ್ತದೆ. ಬಣ್ಣ ನೋಡಿ ಮೋಸ ಹೋಗಬಾರದು.

ಮತ್ತೆ ಹತ್ತಿ, ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗಡಿಯಾರ ನೋಡಿ ಬರೆದುಕೊಂಡೆವು. ಲೆಕ್ಕ ಮುಗಿದಾಗ ತಿಳಿದದ್ದು ಇದು: ನಾವು ದೂರುತ್ತಿದ್ದ ಗುಡ್ಡದ ನೆತ್ತಿಯ ದೊಡ್ಡ ಸಮತಟ್ಟು ಜಾಗದಿಂದ ಬಾವಿಯ ಕಡೆಗೆ ಬರುವ ಮಣ್ಣು ಕಡಿಮೆ, ಅದರ ನೀರು ಬಹುಪಾಲು ಇನ್ನೊಂದು ಮಗ್ಗುಲಿಗೆ ಇಳಿಯುತ್ತಿತ್ತು. ನಮಗೆ ಬರುತ್ತಿದ್ದ ಕೆಂಪು ನೀರಿನ ಬಹುಭಾಗ, ಬಾವಿಗೆ ನೇರ ಮೇಲಿದ್ದ ಸುಮಾರು ಹತ್ತು ಸೆಂಟ್ಸಿನ ಒಂದು ಬೋಳು ಇಳಿಜಾರಿನಿಂದ, ಅದರ ನಡುವೆ ಹಾದ ವಾಹನದ ದಾರಿಯ ಗುಂಟ ಬರುತ್ತಿತ್ತು. ಇಡೀ ಗುಡ್ಡ ಬೇಕೆಂದವರಿಗೆ ಬೇಕಾದದ್ದು ಹತ್ತು ಸೆಂಟ್ಸು!

ಇಲ್ಲಿ ನಮ್ಮ ಪಟ್ಟಿಯ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಆ ಎಂಬ ತುಂಡಿನ ಕೆಳಗೇ ಇ ತುಂಡು ಇದೆ ಎಂದಿಟ್ಟುಕೊಳ್ಳಿ. ಇ ತುಂಡಿನಲ್ಲಿ ಹುಲ್ಲು ಬೆಳೆದರೆ ಅದು ತನ್ನ ಮಣ್ಣನ್ನು ಹಿಡಿಯುವುದು ಮಾತ್ರವಲ್ಲ, ಮೇಲಿನ ಆ ತುಂಡಿನಿಂದ ಬರುವ ಮಣ್ಣಿನಲ್ಲೂ ಒಂದು ಪಾಲನ್ನು ತಡೆಯುತ್ತದೆ. ಇ ತುಂಡಿನ 24 ಟನ್ನಿನಲ್ಲಿ 12 ತನ್ನದೇ, 12 ಮೇಲಿನಿಂದ ಬಂದದ್ದು ಎಂದಿರಲಿ. ಆ ತುಂಡನ್ನು ನಾವು ಮೊದಲೇ ಕಾಪಾಡಿದರೆ ಮೇಲಿನಿಂದ ಮಣ್ಣೇ ಬರುವುದಿಲ್ಲ. ಆಗ ಇ ತುಂಡಿನ ಲಾಭ 12ಕ್ಕೆ ಇಳಿಯುತ್ತದೆ. ಮೂರನೆಯವಳ 78 ಟನ್ ನಿಜವಾಗಿ 66. ಆದರೂ ಉಳಿದಿಬ್ಬರಿಗಿಂತ ಆಕೆಯೇ ಮುಂದು.

ಈಗ ಕೈಯಲ್ಲಿರುವುದು 10 ಲಕ್ಷವಲ್ಲ, 7 ಲಕ್ಷ ಎನ್ನೋಣ. ಹಳೆಯ ಪಟ್ಟಿಯಂತೆ 9 ಮತ್ತು 8 ಇರುವ ಆ, ಇ ಎರಡನ್ನೂ ಆರಿಸುತ್ತೀರಿ. 36 ಮತ್ತು 12. ಸಿಗುವುದು 48 ಟನ್. ಅದರ ಬದಲು ಆ, ಈ ಆರಿಸಿದ್ದರೆ 36 ಮತ್ತು 18, 54 ಟನ್. ಬಿಡಿಬಿಡಿಯಾಗಿ ನೋಡಿದಾಗ ಕೆಳಗಿದ್ದ ಈ, ಒಟ್ಟಾಗಿ ನೋಡಿದಾಗ ಮೇಲೆ ಬಂತು. ನೆರೆಯ ತುಂಡಿನಲ್ಲಿ ಏನಿದೆ ಎಂಬುದರ ಮೇಲೆ ಈ ತುಂಡಿನ ಬೆಲೆ ನಿಂತಿದೆ. ನೀರು ಸರ್ವೆ ನಂಬರು ನೋಡಿ ಹರಿಯುವುದಿಲ್ಲ. ಆದ್ದರಿಂದ ನಮ್ಮ ಲೆಕ್ಕವೂ ಒಂದೊಂದು ಸರ್ವೆ ನಂಬರಿಗೆ ನಿಲ್ಲಬಾರದು. ಜಲಾನಯನವನ್ನು ಘಟಕವಾಗಿ ಹಿಡಿದು ಯೋಜನೆ ಮಾಡುವುದು ಇದಕ್ಕಾಗಿಯೇ. ನಮ್ಮ ರಾಜ್ಯದಲ್ಲಿ 2001ರಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯಲ್ಲಿ ಉಪಗ್ರಹದ ಚಿತ್ರಗಳನ್ನು ಬಳಸಿ ಕಿರುಜಲಾನಯನಗಳ ಮಟ್ಟದಲ್ಲಿ ಕೆಲಸ ಮಾಡಿದರು.

ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ನಾವು ಹಣ ಕೊಡದಿದ್ದರೆ ಆ ಜಾಗ ಕೆಡುತ್ತಿತ್ತೇ? ನಮ್ಮ ಊರುಗಳಲ್ಲಿ ನಾಗಬನಗಳಿವೆ. ಭಯ, ಭಕ್ತಿಯಿಂದ ಜನ ಅಲ್ಲಿ ಕತ್ತಿ ಹಾಕುವುದಿಲ್ಲ. ಜನರೇ ಕಾಯುತ್ತಿರುವ ಬನಕ್ಕೆ ಮತ್ತೆ ಹಣ ಕೊಟ್ಟು ಕಾಯ್ದೆವು ಎಂದರೆ ನೀರಿಗೆ ಹೊಸದಾಗಿ ಏನೂ ಸಿಗಲಿಲ್ಲ. ಹಾಗೆಯೇ, ಯಾರೂ ಹತ್ತಲಾರದ ಬಂಡೆಯನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಂಡರೂ ಅಷ್ಟೇ. ಹಣ ಹೋಗಬೇಕಾದದ್ದು ನೀರಿಗೆ ಮುಖ್ಯವಾದ, ಇವತ್ತು ಇದ್ದು ನಾಳೆ ಹೋಗುವ ಜಾಗಕ್ಕೆ.

ಲೆಕ್ಕ ಇಷ್ಟು ಸರಿಯಾದ ಮೇಲೆ ಕೆಲಸ ಸುಲಭ ಎಂದುಕೊಂಡು ಆ ಹತ್ತು ಸೆಂಟ್ಸಿನ ಒಡತಿಯ ಮನೆಗೆ ಹೋದೆವು. ವಯಸ್ಸಾದ ಹೆಂಗಸು. ಚಹಾ ಕೊಟ್ಟರು. ನಾನು ನನ್ನ ಸೀಸೆ, ಪಟ್ಟಿ ಎಲ್ಲ ವಿವರಿಸಿದೆ. ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ನೀರು ಕುಡಿಯುವುದು ನೀವು, ಜಾಗ ಬಿಡಬೇಕಾದ್ದು ನಾನಾ? ಅದೆಂತ ನ್ಯಾಯ ಮಾರಾಯ್ರೇ? ಅಲ್ಲಿ ಲಾರಿ ನಿಲ್ಲಿಸಲಿಕ್ಕೆ ಕೊಟ್ಟರೆ ನನಗೆ ತಿಂಗಳಿಗೆ ಮದ್ದಿನ ಖರ್ಚು ಬರ್ತದೆ."

ನನ್ನ ಬಳಿ ಉತ್ತರ ಇರಲಿಲ್ಲ. ಅವರ ಮಾತು ಸರಿಯಾಗಿತ್ತು. ನಮ್ಮ ಪಟ್ಟಿಯಲ್ಲಿ 'ಖರ್ಚು' ಎಂದು ಬರೆದಿದ್ದ ಅಂಕಿಯ ಹಿಂದೆ ಒಬ್ಬರ ಔಷಧಿಯ ಚೀಟಿ ಇತ್ತು. ಜಾಗವನ್ನು ಹಾಗೇ ಬಿಡು ಎಂದು ಒಬ್ಬರಿಗೆ ಹೇಳುವಾಗ, ಅದರಿಂದ ಅವರು ಕಳೆದುಕೊಳ್ಳುವುದೇ ಆ ಜಾಗದ ನಿಜವಾದ ಬೆಲೆ. ಅದನ್ನು ಕೊಡದೆ ಪಡೆದ ನೀರು ಅಗ್ಗದ ನೀರಲ್ಲ. ಇನ್ನೊಬ್ಬರ ಖರ್ಚಿನಲ್ಲಿ ಕುಡಿದ ನೀರು.

ಬೆಂಗಳೂರಿನ ತಿಪ್ಪಗೊಂಡನಹಳ್ಳಿ ಜಲಾಶಯದ ಕಥೆಯನ್ನು ಇಲ್ಲಿ ನೆನೆಯಬೇಕು. ನಂದಿಬೆಟ್ಟದಿಂದ ಬರುವ ಅರ್ಕಾವತಿ, ಶಿವಗಂಗೆಯಿಂದ ಬರುವ ಕುಮುದ್ವತಿ ಸೇರುವಲ್ಲಿ 1930ರ ದಶಕದಲ್ಲಿ ಕಟ್ಟಿದ ಈ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ನೀರು ಕೊಟ್ಟಿತು. 2003ರ ನವೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿ, ಜಲಾಶಯ ಮತ್ತು ಹೊಳೆಗಳಿಂದ ಇರುವ ದೂರಕ್ಕೆ ಅನುಗುಣವಾಗಿ ವಲಯಗಳನ್ನು ಗುರುತಿಸಿ, ಎಲ್ಲಿ ಏನು ಕಟ್ಟಬಾರದು ಎಂದು ನಿಗದಿ ಮಾಡಿತು. ಹತ್ತಿರದ ನೆಲ ಮುಖ್ಯ ಎಂಬ ತತ್ತ್ವ ಅಲ್ಲಿ ಸರಿಯಾಗಿಯೇ ಇತ್ತು. ಆದರೆ 2012ರ ಹೊತ್ತಿಗೆ ಆ ಜಲಾಶಯದಿಂದ ನಗರಕ್ಕೆ ನೀರು ಪೂರೈಕೆ ನಿಂತಿತ್ತು. 2019ರಲ್ಲಿ ನಿರ್ಬಂಧಗಳನ್ನೂ ಸಡಿಲಿಸಲಾಯಿತು. ನಕ್ಷೆಯಲ್ಲಿ ಎಳೆದ ಗೆರೆಯೊಂದೇ ನೀರನ್ನು ಕಾಯಲಾರದು. ಗೆರೆಯ ಒಳಗೆ ಬದುಕುವವರ ಬದುಕಿಗೂ ಆ ಗೆರೆ ಒಗ್ಗಬೇಕು.

ನಮ್ಮ ಗುಡ್ಡದಲ್ಲಿ ಕೊನೆಗೆ ಹೀಗಾಯಿತು. ಲಾರಿ ನಿಲ್ಲಿಸಲು ಬಿಟ್ಟರೆ ಆ ಅಮ್ಮನಿಗೆ ಬರುತ್ತಿದ್ದ ಬಾಡಿಗೆಯನ್ನು ನಾಲ್ಕು ಮನೆಯವರು ಹಂಚಿಕೊಂಡು ಪ್ರತಿ ತಿಂಗಳು ಕೊಡುವುದೆಂದು ಒಪ್ಪಿಕೊಂಡೆವು. ಜಾಗ ಅವರದ್ದೇ. ವಾಹನದ ದಾರಿಗೆ ಅಡ್ಡಲಾಗಿ ನೀರು ಇಂಗುವ ಸಣ್ಣ ಗುಂಡಿಗಳು, ಇಳಿಜಾರಿನ ಬುಡದಲ್ಲಿ ಲಾವಂಚದ ಎರಡು ಸಾಲು. ಲಾವಂಚದ ಬೇರು ಆಳಕ್ಕೆ ಇಳಿದು ಮಣ್ಣನ್ನು ಹಿಡಿಯುತ್ತದೆ. ಅದರ ನಡುವೆ ಹುಲ್ಲು ತಾನಾಗಿಯೇ ಬಂತು. ಇದಕ್ಕೆಲ್ಲ ಆದ ಖರ್ಚು, ನಾವು ನೋಡಿ ಬಂದಿದ್ದ ಫಿಲ್ಟರಿನ ಬೆಲೆಗಿಂತ ಕಡಿಮೆ.

2023ರ ಮೇ ತಿಂಗಳು ಬಂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ, ನೇತ್ರಾವತಿಗೆ ತುಂಬೆಯಲ್ಲಿ ಕಟ್ಟಿದ ಕಿಂಡಿ ಅಣೆಕಟ್ಟಿನಲ್ಲಿ ನೀರು ಇಳಿದು, 2019ರಂತೆ ಮತ್ತೆ ನಳ್ಳಿ ನೀರಿಗೆ ಸರದಿ ಮಾಡಬೇಕಾಯಿತು. ಆ ದಿನಗಳಲ್ಲಿ ಬೀದಿಯ ಎಷ್ಟೋ ಮನೆಯವರು ನಮ್ಮ ಬಾವಿಗೆ ಬಂದರು. ಆಗ ಆ ಹತ್ತು ಸೆಂಟ್ಸಿನ ಬೆಲೆ ಎಲ್ಲರಿಗೂ ತಿಳಿಯಿತು. ಜೂನಿನಲ್ಲಿ ಮಳೆ ಹಿಡಿದಾಗ ಮೊದಲ ಎರಡು ದಿನ ನೀರು ಸ್ವಲ್ಪ ಬಣ್ಣಗೆಟ್ಟಿತು; ಮೂರನೆಯ ದಿನ ತಿಳಿಯಾಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನನಗೂ ಚೆನ್ನಾಗಿತ್ತು. ತಿಳಿಯಾದ ನೀರು ಶುದ್ಧ ನೀರೇ ಎಂದು ಖಚಿತ ಮಾಡಿಕೊಳ್ಳೋಣವೆಂದು ಪ್ರಯೋಗಾಲಯಕ್ಕೆ ಕೊಟ್ಟೆ. ವರದಿ ಬಂತು: ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆ. ಮಲಿನ ನೀರು ಎಲ್ಲಿಂದಲೋ ಒಳಗೆ ಇಳಿಯುತ್ತಿದೆ. ಮತ್ತೆ ಹುಡುಕಾಟ. ಈ ಸಲ ಗುಡ್ಡ ಹತ್ತಬೇಕಾಗಲಿಲ್ಲ. ಬಾವಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಬಾವಿಗಿಂತ ಎತ್ತರದಲ್ಲಿ, ನಮ್ಮದೇ ಮನೆಯ ಶೌಚದ ಗುಂಡಿ ಇತ್ತು. ಮಳೆನೀರನ್ನು ಇಳಿಸುವ ಮುರಕಲ್ಲಿನ ರಂಧ್ರಗಳೇ ಆ ನೀರನ್ನೂ ಇಳಿಸುತ್ತಿದ್ದವು. ವರ್ಷವಿಡೀ ಇನ್ನೊಬ್ಬರ ಜಾಗವನ್ನು ಅಳೆದ ನಾನು, ನನ್ನ ಅಂಗಳವನ್ನು ಪಟ್ಟಿಗೆ ಸೇರಿಸಿಯೇ ಇರಲಿಲ್ಲ. ತಾಯಿ ಒಂದೇ ಮಾತು ಹೇಳಿದರು: "ಮೊದಲು ಇದನ್ನು ನೋಡಬೇಕಿತ್ತಲ್ಲ ಮಗಾ." ಗುಂಡಿಯನ್ನು ಮುಚ್ಚಿ, ಬಾವಿಯಿಂದ ದೂರಕ್ಕೆ, ತಗ್ಗಿನ ಕಡೆಗೆ ಹೊಸದನ್ನು ಕಟ್ಟಿಸಿ, ಬಾವಿಗೆ ಕ್ಲೋರಿನ್ ಹಾಕಿಸಿದೆವು. ಮುಂದಿನ ಪರೀಕ್ಷೆಯಲ್ಲಿ ವರದಿ ಸರಿ ಬಂತು. ಆದರೂ ಇವತ್ತಿಗೂ ಕುದಿಸಿಯೇ ಕುಡಿಯುತ್ತೇವೆ.

ಮಿತ್ರರೇ, ನೀವು ನಾಳೆ ಇಂಜಿನಿಯರು, ಕೃಷಿ ಅಧಿಕಾರಿ, ಪಂಚಾಯಿತಿ ಸದಸ್ಯರು, ಇಲ್ಲವೇ ಬಾವಿ ಇರುವ ಮನೆಯ ಒಡೆಯರು ಆಗುತ್ತೀರಿ. ನೀರಿಗಾಗಿ ನೆಲ ಆರಿಸುವ ಸಂದರ್ಭ ಬಂದಾಗ ನಾಲ್ಕು ಪ್ರಶ್ನೆ ಕೇಳಿ. ಈ ಜಾಗದಿಂದ ನೀರಿಗೆ ಎಷ್ಟು ಕೆಡುಕು ಬರುತ್ತಿದೆ? ಅದನ್ನು ತಡೆಯಲು ಒಂದು ರೂಪಾಯಿಗೆ ಎಷ್ಟು ಫಲ? ಅಕ್ಕಪಕ್ಕದ ಜಾಗದಲ್ಲಿ ಏನಾದರೆ ಈ ಫಲ ಬದಲಾಗುತ್ತದೆ? ಮತ್ತು, ನಷ್ಟ ಯಾರಿಗೆ, ಅವರಿಗೆ ಅದನ್ನು ಯಾರು ತುಂಬಿಕೊಡುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಮೊದಲ ಮೂರರ ಉತ್ತರ ಎಷ್ಟು ಸರಿಯಾಗಿದ್ದರೂ ಹೆಚ್ಚು ದಿನ ಬಾಳದು.

ಈ ಮಳೆಗಾಲದಲ್ಲಿ ನಿಮ್ಮ ಶಾಲೆಯ ಹತ್ತಿರದ ತೋಡಿನ ಬಳಿಗೆ, ದೊಡ್ಡವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಒಂದೇ ಅಳತೆಯ ಸೀಸೆಗಳನ್ನು ತುಂಬಿ. ಒಂದು ರಾತ್ರಿ ಇಟ್ಟು ನೋಡಿ. ಹರಿವನ್ನೂ ಅಳೆಯಿರಿ. ನಿಮ್ಮ ಊರಿನ ನೀರನ್ನು ಕೆಡಿಸುವ ಆ ಹತ್ತು ಸೆಂಟ್ಸು ಎಲ್ಲಿದೆ ಎಂದು ಹುಡುಕಿ. ಹುಡುಕಾಟವನ್ನು ಮಾತ್ರ ನಿಮ್ಮ ಅಂಗಳದಿಂದಲೇ ಆರಂಭಿಸಿ.